ಮನೆಯ ವಿದ್ಯುತ್ ಕೆಲಸ: ಇಂದು ಮಾಡುವುದಾವುದು, ನಾಳೆಗೆ ಬಿಡುವುದಾವುದು?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಮದುವೆಯ ಖರ್ಚು ಕೆಲವು ದಿನಗಳಲ್ಲಿ ಮುಗಿಯುವುದು. ಮನೆಯ ಖರ್ಚಾದರೋ ಅಡಿಪಾಯದಲ್ಲಿ ಆರಂಭವಾಗಿ, ಗೃಹಪ್ರವೇಶವಾದ ಮೇಲೂ ಬೆನ್ನು ಬಿಡದು. ಬೀದರ ಜಿಲ್ಲೆಯ ಬೇಮಳಖೇಡದಲ್ಲಿ ಮನೆ ಕಟ್ಟಿಸುತ್ತಿದ್ದ ನನ್ನ ಕಾಕಾ ಅವರು ಕಳೆದ ಬೇಸಗೆಯಲ್ಲಿ ಒಂದು ಕಾಗದವನ್ನು ನನ್ನ ಮುಂದಿಟ್ಟು, “ತಮ್ಮಾ, ನೀ ಕಾಲೇಜಿನಾಗ ಕರೆಂಟಿನ ಪಾಠ ಹೇಳಾಂವ. ನನ್ ಬಲ್ಲಿ ರೊಕ್ಕ ಇಷ್ಟೇ ಅದ. ಇದರಾಗ ಯಾವುದು ಈಗ ಮಾಡ್ಲಿ, ಯಾವುದು ಮುಂದಕ್ಕ ಬಿಡ್ಲಿ?” ಎಂದು ಕೇಳಿದರು.

ಕಾಗದದಲ್ಲಿ ಎರಡು ಪಟ್ಟಿಗಳಿದ್ದವು. ‘ಈಗ’ ಎಂಬುದರ ಕೆಳಗೆ ಪಡಸಾಲೆಯ ಅಲಂಕಾರದ ದೀಪಗಳು, ಗೀಸರ್, ಇನ್‌ವರ್ಟರ್. ‘ಆಮೇಲೆ’ ಎಂಬುದರ ಕೆಳಗೆ ದಪ್ಪ ತಂತಿ, ಅರ್ಥಿಂಗ್, ಆರ್.ಸಿ.ಸಿ.ಬಿ. ಪಟ್ಟಿ ಸಂಪೂರ್ಣವಾಗಿ ತಲೆಕೆಳಗಾಗಿತ್ತು. ಅದೇಕೆಂಬುದನ್ನು ಭೌತಶಾಸ್ತ್ರದ ಎರಡು ಮೂರು ಸರಳ ನಿಯಮಗಳಿಂದಲೇ ತಿಳಿಯಬಹುದು. ವಿದ್ಯಾರ್ಥಿಗಳಾದ ವಾಚಕರು ಕಾಗದ ಲೇಖನಿಗಳನ್ನು ಹಿಡಿದು ನನ್ನೊಡನೆ ಬರಲಿ.

ಯಾವುದೇ ವಿದ್ಯುತ್ ಕೆಲಸವನ್ನು ಮುಂದಕ್ಕೆ ಹಾಕುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಮೊದಲನೆಯದು: ಇದನ್ನು ಮುಂದೆ ಗೋಡೆ, ಛಾವಣಿ, ನೆಲಗಳನ್ನು ಒಡೆಯದೆ ಮಾಡಬಹುದೇ? ಎರಡನೆಯದು: ಇದು ಇಲ್ಲದೆ ಕಳೆಯುವ ದಿನಗಳಲ್ಲಿ ಮನೆಯವರ ಪ್ರಾಣಕ್ಕೆ ಅಪಾಯವುಂಟೇ? ಮೊದಲನೆಯದಕ್ಕೆ ‘ಮಾಡಬಹುದು’, ಎರಡನೆಯದಕ್ಕೆ ‘ಅಪಾಯವಿಲ್ಲ’ ಎಂಬ ಉತ್ತರಗಳು ಬಂದರೆ ಮಾತ್ರ ಆ ಕೆಲಸವನ್ನು ನಾಳೆಗೆ ಬಿಡಬಹುದು.

ಮೊದಲು ಕೊಳವೆಗಳ ವಿಚಾರ. ಕಾಂಕ್ರೀಟ್ ಛಾವಣಿಯೊಳಗಿನ ಕೊಳವೆಗಳನ್ನೂ ಫ್ಯಾನಿನ ಪೆಟ್ಟಿಗೆಗಳನ್ನೂ ಕಾಂಕ್ರೀಟ್ ಸುರಿಯುವ ಮುನ್ನವೇ ಇಡಬೇಕು. ಸುರಿದ ಮೇಲೆ ಆ ಅವಕಾಶ ಮರಳಿ ಬಾರದು. ಗೋಡೆಯ ಕೊಳವೆಗಳನ್ನು ಗಿಲಾವು ಮಾಡುವ ಮುನ್ನ ಕೂಡಿಸಬೇಕು. ಕಲ್ಲಿನ ಗೋಡೆಯನ್ನು ಆಮೇಲೆ ಕೊರೆಯುವ ಕೂಲಿ, ಕೊಳವೆಯ ಬೆಲೆಯನ್ನು ಎಷ್ಟೋ ಪಾಲು ಮೀರುವುದು. ಆದುದರಿಂದ ಮುಂದೆಂದೋ ಬರಲಿರುವ ಗೀಸರಿಗೆ, ಹವಾನಿಯಂತ್ರಕಕ್ಕೆ, ಛಾವಣಿಯ ಸೌರಫಲಕಗಳಿಗೆ, ವಿದ್ಯುತ್ ವಾಹನವನ್ನು ನಿಲ್ಲಿಸುವ ಜಾಗಕ್ಕೆ ಇಂದೇ ಒಂದೊಂದು ಖಾಲಿ ಕೊಳವೆಯನ್ನು ಇಟ್ಟು, ಅದರೊಳಗೆ ಎಳೆಯುವ ತಂತಿಯೊಂದನ್ನು ಬಿಟ್ಟು, ಎರಡು ಬಾಯಿಗಳನ್ನೂ ಮುಚ್ಚಿಡಬೇಕು. ಗಿಲಾವಿಗೆ ಮೊದಲು ಪ್ರತಿ ಗೋಡೆಯ ಛಾಯಾಚಿತ್ರ ತೆಗೆದಿಟ್ಟುಕೊಂಡರೆ ಮುಂದೆ ಮೊಳೆ ಹೊಡೆಯುವಾಗ ತಂತಿ ಎಲ್ಲಿದೆಯೆಂಬ ಸಂದೇಹವುಳಿಯದು.

ಎರಡನೆಯದು ತಂತಿಯ ದಪ್ಪ. ತಂತಿಯ ರೋಧವು ಅದರ ಉದ್ದಕ್ಕೆ ಅನುಪಾತವಾಗಿಯೂ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ವಿಲೋಮಾನುಪಾತವಾಗಿಯೂ ಇರುವುದು. ೧ ಚದರ ಮಿಲಿಮೀಟರ್ ಅಡ್ಡಕೊಯ್ತವುಳ್ಳ ೧ ಮೀಟರ್ ತಾಮ್ರದ ತಂತಿಯ ರೋಧ ಸುಮಾರು ೦.೦೧೭೨ ಓಮ್. ಗೀಸರ್ ವಿತರಣಾ ಹಲಗೆಯಿಂದ ೨೦ ಮೀಟರ್ ದೂರದಲ್ಲಿದೆಯೆನ್ನೋಣ. ಪ್ರವಾಹ ಹೋಗಿ ಬರುವ ದಾರಿ ೪೦ ಮೀಟರ್; ಆದ್ದರಿಂದ ಅದರ ರೋಧ ೦.೬೮೮ ಓಮ್. ೨೦೦೦ ವಾಟಿನ ಗೀಸರ್ ೨೩೦ ವೋಲ್ಟಿನಲ್ಲಿ ೮.೭ ಆಂಪಿಯರ್ ಎಳೆಯುವುದು. ಓಮ್ ೧೮೨೭ರಲ್ಲಿ ಪ್ರಕಟಿಸಿದ ನಿಯಮದಂತೆ ತಂತಿಯಲ್ಲೇ ಸುಮಾರು ೬ ವೋಲ್ಟ್ ನಷ್ಟ. ಉಷ್ಣವಾದರೋ ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು: ೫೨ ವಾಟ್. ಗೋಡೆಯೊಳಗಿನ ತಂತಿ ವ್ಯರ್ಥವಾಗಿ ಇಷ್ಟು ಬಿಸಿಯನ್ನು ಹೊರಚೆಲ್ಲುತ್ತಿರುವುದು. ೨.೫ ಚದರ ಮಿಲಿಮೀಟರಿನ ತಂತಿಯಾದರೆ ಅದೇ ಬಿಸಿ ೨೧ ವಾಟಿಗೆ ಇಳಿಯುವುದು.

ಇಲ್ಲಿ ಗಮನಿಸಬೇಕಾದುದು ‘ವರ್ಗ’ ಎಂಬ ಪದ. ನಾಳೆ ಅದೇ ಸಣ್ಣ ತಂತಿಗೆ ಇನ್ನೊಂದು ೨೦೦೦ ವಾಟಿನ ಉಪಕರಣವನ್ನು ಜೋಡಿಸಿದರೆ ಪ್ರವಾಹ ಇಮ್ಮಡಿಯಾಗುವುದು. ಉಷ್ಣವಾದರೋ ನಾಲ್ಮಡಿಯಾಗಿ ೨೦೮ ವಾಟಿಗೆ ಏರುವುದು. ತಂತಿಯ ಹೊದಿಕೆ ಕರಗಿ ಬೆಂಕಿಗೆ ಕಾರಣವಾಗುವುದು ಹೀಗೆಯೇ. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದ ಎಂಜಿನಿಯರುಗಳ ಮುಂದೆಯೂ ಇದೇ ಸಮಸ್ಯೆಯಿತ್ತು. ಅವರು ಒತ್ತಡವನ್ನು ಬಹಳ ಹೆಚ್ಚಿಸಿ, ಪ್ರವಾಹವನ್ನು ತಗ್ಗಿಸಿ ನಷ್ಟವನ್ನು ಕಡಿಮೆ ಮಾಡಿದರು. ಮನೆಯಲ್ಲಿ ಒತ್ತಡ ೨೩೦ ವೋಲ್ಟೆಂದು ಗೊತ್ತಾಗಿಬಿಟ್ಟಿದೆ. ನಮಗುಳಿದ ಉಪಾಯ ತಂತಿಯ ದಪ್ಪ, ಮತ್ತು ಹೆಚ್ಚು ವಾಟಿನ ಒಂದೊಂದು ಉಪಕರಣಕ್ಕೂ ಪ್ರತ್ಯೇಕ ತಂತಿ. ಕೊಳವೆ ಅಗಲವಾಗಿದ್ದರೆ ಮುಂದಿನ ಉಪಕರಣದ ತಂತಿಯನ್ನು ಮುಂದೆಯೇ ಎಳೆಯಬಹುದು. ಆದರೆ ಇಂದು ಎಳೆಯುವ ತಂತಿ ಮಾತ್ರ ತನ್ನ ಹೊರೆಗೆ ತಕ್ಕುದಾಗಿಯೇ ಇರಬೇಕು.

ಮೂರನೆಯದು ಎಲ್ಲಕ್ಕೂ ಮುಖ್ಯವಾದುದು: ಅರ್ಥಿಂಗ್. ಗೀಸರಿನೊಳಗಿನ ತಂತಿ ಸವೆದು ಅದರ ಲೋಹದ ಮೈಗೆ ತಗುಲಿತೆನ್ನೋಣ. ಅರ್ಥಿಂಗ್ ಇಲ್ಲದಿದ್ದರೆ ಆ ಮೈ ೨೩೦ ವೋಲ್ಟಿನಲ್ಲಿ ಮೌನವಾಗಿ ಕಾದಿರುವುದು. ಒದ್ದೆ ಮೈಯ ಮನುಷ್ಯನ ರೋಧವನ್ನು ಸುಮಾರು ೧೦೦೦ ಓಮ್ ಎಂದು ಹಿಡಿದರೆ, ಮುಟ್ಟಿದವನ ದೇಹದಲ್ಲಿ ೨೩೦ ಮಿಲಿಆಂಪಿಯರ್ ಹರಿಯುವುದು. ಹೃದಯದ ಲಯವನ್ನು ಕೆಡಿಸಿ ಪ್ರಾಣ ತೆಗೆಯಲು ಅಷ್ಟು ಸಾಕು.

‘ಎಂ.ಸಿ.ಬಿ. ಇದೆಯಲ್ಲ?’ ಎಂದು ಕೆಲವರು ಕೇಳುವರು. ೧೬ ಆಂಪಿಯರಿನ ಎಂ.ಸಿ.ಬಿ.ಗೆ ೦.೨೩ ಆಂಪಿಯರ್ ಲೆಕ್ಕಕ್ಕೇ ಇಲ್ಲ. ಅದು ತಂತಿಯನ್ನು ಕಾಯುವ ಕಾವಲುಗಾರನೇ ಹೊರತು ಮನುಷ್ಯನನ್ನಲ್ಲ. ಇನ್ನು ಅರ್ಥಿಂಗ್ ಇದ್ದು, ನೆಲದ ರೋಧ ೨೦ ಓಮ್ ಇದೆಯೆಂದರೂ, ಸೋರುವ ಪ್ರವಾಹ ಹೆಚ್ಚೆಂದರೆ ೧೧.೫ ಆಂಪಿಯರ್, ಆಗಲೂ ಆ ಎಂ.ಸಿ.ಬಿ. ಬೀಳದು. ಇಲ್ಲಿ ನೆರವಾಗುವುದು ೩೦ ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಅದು ಹೋದ ಪ್ರವಾಹವನ್ನೂ ಮರಳಿದ ಪ್ರವಾಹವನ್ನೂ ಹೋಲಿಸಿ, ವ್ಯತ್ಯಾಸ ಕಂಡೊಡನೆ, ಕಣ್ಣೆವೆಯಿಕ್ಕುವಷ್ಟರಲ್ಲಿ ಸಂಪರ್ಕವನ್ನು ಕಡಿಯುವುದು. ಅರ್ಥಿಂಗ್ ಜೊತೆಗಿದ್ದರೆ ಮನುಷ್ಯನು ಮುಟ್ಟುವ ಮೊದಲೇ ಅದು ಬೀಳುವುದು. ಇಲ್ಲದಿದ್ದರೆ ಮನುಷ್ಯನು ಮುಟ್ಟಿದ ಮೇಲೆ, ಅವನ ದೇಹದ ಮೂಲಕ ಪ್ರವಾಹ ಹರಿದ ಮೇಲೆ ಬೀಳುವುದು. ಆದ್ದರಿಂದ ಎರಡೂ ಬೇಕು.

ಬೀದರ ಸೀಮೆಯಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ಇಲ್ಲಿಯ ಕಪ್ಪು ಎರೆಮಣ್ಣು ತೇವವನ್ನು ಹಿಡಿದಿಟ್ಟುಕೊಂಡು ಪ್ರವಾಹಕ್ಕೆ ಸುಲಭವಾಗಿ ದಾರಿ ಕೊಡುವುದು. ಕೆಂಪು ಜಂಬಿಟ್ಟಿಗೆಯ ನೆಲ ಹಾಗಲ್ಲ. ಅದು ರಂಧ್ರಮಯವಾದುದು, ನೀರು ಅದರೊಳಗೆ ಇಂಗಿ ಕೆಳಗಿಳಿಯುವುದು. ಬಹಮನಿಯರ ಕಾಲದ ಬೀದರದ ಕಾರೇಜ್ ಸುರಂಗಗಳು ಸಾಧ್ಯವಾದುದು ಈ ಗುಣದಿಂದಲೇ. ಆದರೆ ಬೇಸಗೆಯಲ್ಲಿ ಮೇಲಿನ ಪದರ ಒಣಗಿದಾಗ ನೆಲದ ರೋಧ ಬಹಳ ಹೆಚ್ಚುವುದು. ಆದ್ದರಿಂದ ಅರ್ಥಿಂಗಿನ ಕೊಳವೆಯನ್ನು ಸುಮಾರು ಮೂರು ಮೀಟರ್ ಆಳಕ್ಕೆ, ನೀರೆರೆಯಲು ಅನುಕೂಲವಾದ ಸ್ಥಳದಲ್ಲಿ ಇಳಿಸಿ, ಬೇಸಗೆಯಲ್ಲೇ ಅದರ ರೋಧವನ್ನು ಅಳೆಸಿ ನೋಡಬೇಕು. ಅಂಗಳಕ್ಕೆ ಶಹಾಬಾದಿನ ಪರ್ಸಿ ಹಾಸಿದ ಮೇಲೆ ಈ ಗುಂಡಿ ತೋಡುವುದೆಂದರೆ ಹಾಸಿದ್ದನ್ನು ಕಿತ್ತಂತೆಯೇ ಸರಿ.

ಇಲ್ಲೊಂದು ಸೂಕ್ಷ್ಮವಿದೆ. ಆರ್.ಸಿ.ಸಿ.ಬಿ.ಯನ್ನು ಗೋಡೆ ಒಡೆಯದೆ ಎಂದಾದರೂ ಕೂಡಿಸಬಹುದು. ಮೊದಲನೆಯ ಪ್ರಶ್ನೆಯೊಂದನ್ನೇ ಕೇಳಿದವರು ಅದನ್ನು ‘ಆಮೇಲೆ’ ಪಟ್ಟಿಗೆ ಸೇರಿಸುವರು. ನನ್ನ ಕಾಕಾ ಅವರು ಮಾಡಿದ್ದೂ ಅದನ್ನೇ. ಎರಡನೆಯ ಪ್ರಶ್ನೆಯೇ ಅದನ್ನು ಮೊದಲ ದಿನದ ಕೆಲಸವನ್ನಾಗಿ ಮಾಡುವುದು.

ಹಾಗಾದರೆ ನಾಳೆಗೆ ಬಿಡಬಹುದಾದುವು ಯಾವುವು? ಅಲಂಕಾರದ ದೀಪಗಳು, ಗೀಸರ್, ಹವಾನಿಯಂತ್ರಕ, ಇನ್‌ವರ್ಟರ್, ಸೌರಫಲಕ: ಇವೆಲ್ಲವೂ ತಿರುಪಿನಿಂದ ಕೂಡಿಸುವ ವಸ್ತುಗಳು. ಕಾಯುವುದರಿಂದ ಕೆಲವೊಮ್ಮೆ ಲಾಭವೂ ಉಂಟು; ಎಲ್.ಇ.ಡಿ. ದೀಪಗಳ ಮತ್ತು ಸೌರಫಲಕಗಳ ಬೆಲೆ ಕಳೆದ ದಶಕಗಳಲ್ಲಿ ಬಹಳ ಇಳಿದಿದೆ. ಇನ್‌ವರ್ಟರ್ ನಾಳೆ ಬರಲಿ. ಆದರೆ ದೀಪ ಮತ್ತು ಫ್ಯಾನುಗಳ ತಂತಿಗಳನ್ನು ಹೆಚ್ಚು ವಾಟಿನ ಉಪಕರಣಗಳ ತಂತಿಗಳಿಂದ ಇಂದೇ ಬೇರ್ಪಡಿಸಬೇಕು. ವಿತರಣಾ ಹಲಗೆಯಲ್ಲಿ ನಾಲ್ಕಾರು ಸ್ಥಾನಗಳನ್ನು ಖಾಲಿ ಬಿಡಬೇಕು. ಹೊರೆ ಹೆಚ್ಚಿದಾಗ ಜೆಸ್ಕಾಂಗೆ ಅರ್ಜಿ ಕೊಟ್ಟು ಮಂಜೂರಾದ ಹೊರೆಯನ್ನು ಹೆಚ್ಚಿಸಿಕೊಳ್ಳಬಹುದು. ಅದನ್ನೂ ಇಂದೇ ಮಾಡಬೇಕಾಗಿಲ್ಲ.

ಈ ಲೆಕ್ಕಗಳನ್ನೆಲ್ಲ ಕಾಕಾ ಅವರೆದುರಿಗೆ ಮಾಡಿ ತೋರಿಸಿದೆನು. ಅವರು ಬಹಳ ಹೊತ್ತು ಕಾಗದವನ್ನೇ ನೋಡುತ್ತಿದ್ದು, ಕೊನೆಗೆ ‘ಈಗ’, ‘ಆಮೇಲೆ’ ಎಂಬ ಎರಡು ಶೀರ್ಷಿಕೆಗಳನ್ನು ಹೊಡೆದುಹಾಕಿ, ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದರು. “ದೀಪ ದೀಪಾವಳಿಗಿ ನೋಡಮು” ಎಂದು ನಕ್ಕರು.

ವಾಚಕರು ತಮ್ಮ ಮನೆಯ ಉಪಕರಣಗಳ ಮೇಲೆ ಬರೆದಿರುವ ವಾಟುಗಳನ್ನು ಕೂಡಿಸಿ, ೨೩೦ರಿಂದ ಭಾಗಿಸಿ, ಬಂದ ಆಂಪಿಯರನ್ನು ಮುಖ್ಯ ಸ್ವಿಚ್ಚಿನ ಮೇಲಿರುವ ಅಂಕೆಯೊಡನೆ ಹೋಲಿಸಿ ನೋಡಲಿ. ಬಳಿಕ, ಮನೆಯಲ್ಲಿ ಆರ್.ಸಿ.ಸಿ.ಬಿ. ಇದ್ದರೆ, ಅದರ ಮೇಲಿನ ಪರೀಕ್ಷಾ ಗುಂಡಿಯನ್ನು ಹಿರಿಯರ ಸಮಕ್ಷಮದಲ್ಲಿ ಒಮ್ಮೆ ಒತ್ತಲಿ. ಅದು ಬಿದ್ದರೆ ಕಾವಲುಗಾರ ಎಚ್ಚರವಾಗಿದ್ದಾನೆಂದು ತಿಳಿಯಬೇಕು. ಬೀಳದಿದ್ದರೆ ಆ ಕೆಲಸವನ್ನು ನಾಳೆಗೆ ಬಿಡಬಾರದು.