ಅಪರಾಧಿ ಮತ್ತು ಅವನ ಬೀದಿ

ಒಬ್ಬ ಹುಡುಗನು ಅಂಗಡಿಯಲ್ಲಿ ಕದ್ದು ಸಿಕ್ಕಿಬಿದ್ದನೆಂದು ಭಾವಿಸೋಣ. ‘ಇವನೇಕೆ ಕದ್ದನು?’ ಎಂಬುದು ನಾವು ಕೇಳುವ ಮೊದಲ ಪ್ರಶ್ನೆ. ‘ಇವನ ಬೀದಿಯಲ್ಲಿಯೇ ಇಷ್ಟು ಹುಡುಗರು ಕದಿಯುವುದೇಕೆ? ಆಚೆಯ ಬಡಾವಣೆಯಲ್ಲಿ ಅಷ್ಟಿಲ್ಲವೇಕೆ?’ ಎಂಬುದು ಬೇರೆಯೇ ಪ್ರಶ್ನೆ. ವಿಶ್ವವಿದ್ಯಾನಿಲಯದಲ್ಲಿ ಅಪರಾಧಶಾಸ್ತ್ರವನ್ನೂ ಸಮಾಜಶಾಸ್ತ್ರವನ್ನೂ ಜೊತೆಯಾಗಿ ಅಭ್ಯಸಿಸುವವರು ಇವೆರಡನ್ನೂ ಕೇಳಲು ಕಲಿಯುತ್ತಾರೆ.

ವ್ಯಕ್ತಿಯೊಬ್ಬನನ್ನೇ ನೋಡುತ್ತ ಕುಳಿತರೆ ಎಂಥ ದಾರಿ ಹಿಡಿಯಬಹುದೆಂಬುದಕ್ಕೆ ಇಟಲಿಯ ವೈದ್ಯ ಲೊಂಬ್ರೋಸೊ ನಿದರ್ಶನ. ಕೈದಿಗಳ ತಲೆಬುರುಡೆ, ದವಡೆ, ಕಿವಿಗಳನ್ನು ಅಳೆದು, ಹುಟ್ಟಿನಿಂದಲೇ ಅಪರಾಧಿಗಳಾದವರುಂಟೆಂದು ಆತನು 1876ರಲ್ಲಿ ಸಾರಿದನು. 1913ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಗೋರಿಂಗನು ಸುಮಾರು 3,000 ಕೈದಿಗಳನ್ನು ಇತರ ಜನರೊಡನೆ ಹೋಲಿಸಿ ನೋಡಲು, ಆ ವಿಶಿಷ್ಟ ಲಕ್ಷಣಗಳು ಕಾಣಲಿಲ್ಲ.

ಎರಡನೆಯ ಪ್ರಶ್ನೆಯನ್ನು ನಕ್ಷೆಯ ಮೇಲೆ ಹರಡಿದವರು ಅಮೆರಿಕದ ಷಿಕಾಗೊ ನಗರದ ಕ್ಲಿಫರ್ಡ್ ಷಾ ಮತ್ತು ಹೆನ್ರಿ ಮೆಕೇ. ಬಾಲನ್ಯಾಯಾಲಯಕ್ಕೆ ಬಂದ ಸಾವಿರಾರು ಹುಡುಗರ ಮನೆಗಳನ್ನು ಅವರು ಚುಕ್ಕೆಗಳಿಂದ ಗುರುತಿಸಿದರು. ಪ್ರತಿ ಪ್ರದೇಶದ ಹುಡುಗರ ಸಂಖ್ಯೆಗೆ ಹೋಲಿಸಿ ಅಪರಾಧದ ಪ್ರಮಾಣವನ್ನು ಲೆಕ್ಕ ಹಾಕಿದರು. ವ್ಯಾಪಾರಕೇಂದ್ರಕ್ಕೂ ಕಾರ್ಖಾನೆಗಳಿಗೂ ಅಂಟಿಕೊಂಡ ಬಡ ಕೇರಿಗಳಲ್ಲಿ ಅದು ಅತಿ ಹೆಚ್ಚು. ನಗರದ ಅಂಚಿಗೆ ಹೋದಂತೆಲ್ಲ ಕಡಿಮೆ. ಇಷ್ಟೇ ಆಗಿದ್ದರೆ ‘ಅಲ್ಲಿನ ಜನವೇ ಕೆಟ್ಟವರು’ ಎಂದು ಕೈತೊಳೆದುಕೊಳ್ಳಬಹುದಾಗಿತ್ತು. ಆದರೆ ಆ ಕೇರಿಗಳಲ್ಲಿ ಮೊದಲು ಇದ್ದವರು ಜರ್ಮನರು, ಐರಿಷರು. ಅವರು ಹೊರಟುಹೋದ ಮೇಲೆ ಬಂದವರು ಪೋಲರು, ಇಟಾಲಿಯನರು. ಒಕ್ಕಲು ಬದಲಾಯಿತು, ಕೇರಿಯ ಅಪರಾಧದ ಪ್ರಮಾಣ ಮಾತ್ರ ಮೇಲೆಯೇ ಉಳಿಯಿತು. ಹೊರಬಡಾವಣೆಗಳಲ್ಲಿ ನೆಲೆಸಿದವರ ಮಕ್ಕಳಲ್ಲಿ ಅದು ಇಳಿಯಿತು. ಬಡತನ, ನಿವಾಸಿಗಳ ನಿರಂತರ ವಲಸೆ, ಇವುಗಳಿಂದ ಸಡಿಲವಾದ ನೆರೆಹೊರೆಯ ಹಿಡಿತ—ಕಾರಣವನ್ನು ಇಲ್ಲಿ ಹುಡುಕಬೇಕೆಂದು ಅವರ 1942ರ ಗ್ರಂಥವು ಹೇಳಿತು.

ಇಲ್ಲಿ ನಾವು ಒಂದು ಕ್ಷಣ ತಡೆದು ನಿಲ್ಲಬೇಕು. ಆ ಚುಕ್ಕೆಗಳು ತೋರಿಸುವುದು ಕದ್ದವರನ್ನೋ, ಸಿಕ್ಕಿಬಿದ್ದವರನ್ನೋ? ಸಮಾಜಶಾಸ್ತ್ರಜ್ಞ ಎಡ್ವಿನ್ ಸದರ್ಲೆಂಡನು ಅಮೆರಿಕದ 70 ದೊಡ್ಡ ಕಂಪನಿಗಳ ದಾಖಲೆಗಳನ್ನು ಜಾಲಾಡಿದನು. ನ್ಯಾಯಾಲಯಗಳೂ ಆಯೋಗಗಳೂ ಅವುಗಳ ವಿರುದ್ಧ ಕೊಟ್ಟಿದ್ದ ತೀರ್ಮಾನಗಳು 980. ಅವುಗಳಲ್ಲಿ ಕ್ರಿಮಿನಲ್ ನ್ಯಾಯಾಲಯಗಳವು 158 ಮಾತ್ರ! 1949ರಲ್ಲಿ ಪುಸ್ತಕವು ಹೊರಬಂದಾಗ ಕಂಪನಿಗಳ ಹೆಸರುಗಳನ್ನು ಬಿಟ್ಟುಬಿಡಲಾಗಿತ್ತು. ಅವು ಅಚ್ಚಾದದ್ದು 1983ರಲ್ಲಿ. ಅಂಗಡಿಯಲ್ಲಿ ಕದ್ದ ಹುಡುಗನಿಗೆ ಇಂಥ ಮರೆ ದೊರೆಯುವುದುಂಟೆ?

ಈ ಪ್ರಶ್ನೆ ಕೇವಲ ತರಗತಿಯದಲ್ಲ. 1871ರ ಕಾಯಿದೆಯೊಂದರಿಂದ ಬ್ರಿಟಿಷ್ ಸರ್ಕಾರವು ಭಾರತದಲ್ಲಿ ಇಡೀ ಸಮುದಾಯಗಳನ್ನೇ ‘ಅಪರಾಧಿ ಬುಡಕಟ್ಟು’ಗಳೆಂದು ಘೋಷಿಸತೊಡಗಿತು. ಅವುಗಳಲ್ಲಿ ಹುಟ್ಟಿದವನು ಏನನ್ನೂ ಕದಿಯದಿದ್ದರೂ ಪೋಲೀಸರ ಪಟ್ಟಿಗೆ ಸೇರಬಹುದಾಗಿತ್ತು, ಹಾಜರಿ ಕೊಡಬೇಕಾಗುತ್ತಿತ್ತು. ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಇಂಥವರಿಗಾಗಿ ‘ಸೆಟ್ಲಮೆಂಟು’ಗಳಿದ್ದವು. 1952ರಲ್ಲಿ ಕಾಯಿದೆ ರದ್ದಾಯಿತು. ಆದರೂ ಈ ಸಮುದಾಯಗಳವರನ್ನು ರೂಢಿಯ ಅಪರಾಧಿಗಳೆಂದು ಎಣಿಸುವ ಮಾತುಗಳು ಕೆಲವು ರಾಜ್ಯಗಳ ಕಾರಾಗೃಹ ನಿಯಮಗಳಲ್ಲಿ ಉಳಿದುಕೊಂಡಿದ್ದವು; ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿದ್ದು 2024ರ ಅಕ್ಟೋಬರಿನಲ್ಲಿ.