ಅವರೆಕಾಳು ಬಿಟ್ಟ ಹುಡುಗನಿಗೆ



ಮೊನ್ನೆ ಬಂದವನು ಅವರೆಕಾಳು ಸಾರು ಬೇಡ, ಹುರುಳಿ ಬೇಡ, ಸೊಪ್ಪೂ ಬೇಡ ಎಂದು ಬರೀ ಅನ್ನ ಕಲಸಿಕೊಂಡು ಎದ್ದೆ. ಯೂರಿಕ್ ಆ್ಯಸಿಡ್ 8 ದಾಟಿದೆಯಂತೆ. ಆದರೆ ಹೊಳೇನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ನಿನ್ನ ಕೈಯಲ್ಲಿದ್ದದ್ದು ಕೋಲಾ ಬಾಟಲಿ. ಸಂಜೆ ಕಾಫಿಗೆ ಮೂರು ಚಮಚ ಬೆಲ್ಲದ ಪುಡಿ ಸುರಿದುಕೊಂಡು, "ಸಕ್ಕರೆ ಬಿಟ್ಟಿದ್ದೀನಿ ಚಿಕ್ಕಮ್ಮ" ಅಂದೆಯಲ್ಲ, ಅವತ್ತಿನಿಂದ ನನಗೆ ಸಮಾಧಾನವಿಲ್ಲ.

ಬೆಲ್ಲದ ವಿಷಯ ನನಗೆ ಹೇಳಬೇಡ. ಚನ್ನರಾಯಪಟ್ಟಣದ ಕಡೆ ಆಲೆಮನೆ ಇದ್ದ ಮನೆಯಲ್ಲಿ ಹುಟ್ಟಿದವಳು ನಾನು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಅಪ್ಪ ಬೆಂಡೆಗಿಡದ ಲೋಳೆ ಹಾಕಿ ಮಡ್ಡಿ ತೆಗೆಯುತ್ತಿದ್ದರು. ಪಾಕ ಹದಕ್ಕೆ ಬಂದೊಡನೆ ನಾವು ಮಕ್ಕಳು ಮುತ್ತುಗದ ಎಲೆ ಹಿಡಿದು ಸಾಲಾಗಿ ಕೂರುತ್ತಿದ್ದೆವು. ಬಿಸಿ ಬೆಲ್ಲ, ಮೇಲೊಂದು ತೆಂಗಿನಚೂರು. ಆಲೆ ಹೂಡಿದ ಕೆಲವು ವಾರವಷ್ಟೇ ಆ ಸಂಭ್ರಮ. ಮಿಕ್ಕ ದಿನ ರಾಗಿಮುದ್ದೆ, ಹುರುಳಿ ಕಟ್ಟಿನ ಸಾರು, ಸಿಹಿಯೆಂದರೆ ಹಬ್ಬ. ಗೊರೂರಿನ ಅಣೆಕಟ್ಟೆ 1979ರಲ್ಲಿ ಮುಗಿದು ನಾಲೆಗೆ ನೀರು ಬಂದ ಮೇಲೆ ಕಬ್ಬು ಹೆಚ್ಚಿತು, ಕೈಯಲ್ಲಿ ನಾಲ್ಕು ಕಾಸು ಆಡಿತು, ಸಕ್ಕರೆ ಡಬ್ಬಿ ಅಟ್ಟದಿಂದ ಒಲೆಯ ಪಕ್ಕಕ್ಕೆ ಇಳಿಯಿತು.

ಅರಕಲಗೂಡಿನ ನಿನ್ನ ದೊಡ್ಡ ಮಾವನ ಕಾಲು ನೆನಪಿದೆಯೋ? ನೀನಾಗ ಚಿಕ್ಕವನು. ನಡುರಾತ್ರಿ ಹೆಬ್ಬೆರಳು ಕೆಂಡದ ಹಾಗೆ ಕೆಂಪಾಗಿ ಊದಿ, ಹೊದಿಕೆಯ ಅಂಚು ತಾಗಿದರೂ ಕೂಗಿಕೊಳ್ಳುತ್ತಿದ್ದರು. ಅವರೂ ಮೊದಲು ಬಿಟ್ಟದ್ದು ಬೇಳೆಯನ್ನೇ. ಊರೆಲ್ಲ ಅದನ್ನೇ ಹೇಳಿತು. ಶರಬತ್ತು ಬಿಡಿ ಎಂದು ಒಬ್ಬರೂ ಹೇಳಲಿಲ್ಲ.

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು, ಕೇಳು. ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಬೆಲ್ಲದಲ್ಲೂ ಬಹುಪಾಲು ಅದೇ. ಫ್ರಕ್ಟೋಸ್ ಅರಗಿಸುವ ಅವಸರದಲ್ಲಿ ಯಕೃತ್ತಿನ ಜೀವಕೋಶಗಳಿಗೆ ಶಕ್ತಿ ಕೊಡುವ ಎಟಿಪಿ ಕರಗುತ್ತದೆ. ಅದರ ಚೂರುಪಾರು ಕೊನೆಗೆ ಯೂರಿಕ್ ಆ್ಯಸಿಡ್ ಆಗುತ್ತದೆ. ದಿನವೂ ಇದೇ ನಡೆದರೆ ಯಕೃತ್ತಿನಲ್ಲಿ ಕೊಬ್ಬು ಕೂರುತ್ತದೆ, ಇನ್ಸುಲಿನ್ ಏರುತ್ತದೆ, ಏರಿದಾಗ ಮೂತ್ರಪಿಂಡ ಯೂರಿಕ್ ಆ್ಯಸಿಡನ್ನು ಹೊರಗೆ ಬಿಡುವುದು ಕಡಿಮೆಯಾಗುತ್ತದೆ. ರಕ್ತದಲ್ಲಿ 6.8 ದಾಟಿದರೆ ಹರಳುಗಟ್ಟಲು ಶುರು. ದಿನಕ್ಕೆ ಎರಡು ಅಥವಾ ಹೆಚ್ಚು ಸಿಹಿ ಪಾನೀಯ ಕುಡಿಯುವ ಗಂಡಸರಲ್ಲಿ ಗೌಟ್, ಅಂದರೆ ನಿನ್ನ ದೊಡ್ಡ ಮಾವನಿಗೆ ಬಂದ ಆ ಕೀಲುನೋವಿನ ಅಪಾಯ ಶೇ. 85ರಷ್ಟು ಹೆಚ್ಚೆಂದು 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಮಾಂಸ, ಮೀನು ಹೆಚ್ಚು ತಿಂದರೆ ಅಪಾಯ, ಯೂರಿಕ್ ಆ್ಯಸಿಡ್ ಆಗುವ ಪ್ಯೂರಿನ್ ಇರುವ ತರಕಾರಿಯಿಂದ ಅಲ್ಲ ಎಂದು 2004ರಲ್ಲೇ ತಿಳಿದಿತ್ತು. ಹಾಗಿರುವಾಗ ಅವರೆಕಾಳಿನ ಮೇಲೇಕೆ ಕೋಪ?

ನಿನ್ನ ದೇಹ, ನಿನ್ನ ತೀರ್ಮಾನ. ನಾನು ಬಲವಂತ ಮಾಡುವುದಿಲ್ಲ. ಆದರೆ ಓದಿದ ಹುಡುಗ, 300 ಎಂ.ಎಲ್. ಬಾಟಲಿಯಲ್ಲಿ ಸುಮಾರು 30 ಗ್ರಾಂ ಸಕ್ಕರೆ ಎಂದು ಲೇಬಲ್ಲಿನಲ್ಲೇ ಬರೆದಿರುವಾಗ ಕಣ್ಣು ಮುಚ್ಚಿಕೊಂಡು ಕುಡಿಯುತ್ತೀಯಲ್ಲ! ಇಡೀ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಾಟಲಿ ಪೂರ್ತಿ ನಿಲ್ಲಿಸು. ಕಾಫಿಗೆ ಏನೂ ಹಾಕಬೇಡ, ನಾಲಿಗೆ ಒಗ್ಗಿಕೊಳ್ಳುತ್ತದೆ. ಯುಗಾದಿಯ ಹೋಳಿಗೆ ತಿನ್ನು, ಅದಕ್ಕೆ ನನ್ನ ಅಡ್ಡಿಯಿಲ್ಲ.

ಗದರಿದೆನೆಂದು ಬೇಸರ ಬೇಡ ಕಂದ. ತಟ್ಟೆ ಮುಂದೆ ನೀನು ಹೆದರಿ ಕೂತದ್ದನ್ನು ನೋಡಲಾಗಲಿಲ್ಲ. ಶನಿವಾರ ಹಾಸನದಲ್ಲಿ ಡಾಕ್ಟರಿಗೆ ತೋರಿಸು. ಮೂತ್ರಪಿಂಡಕ್ಕೆ ಕ್ರಿಯಾಟಿನಿನ್, ಸಕ್ಕರೆಗೆ ಎಚ್‌ಬಿಎ1ಸಿ, ಎರಡು ಪರೀಕ್ಷೆಯನ್ನೂ ಮಾಡಿಸು. ಮಾತ್ರೆ ಬರೆದುಕೊಟ್ಟರೆ ತಪ್ಪದೆ ನುಂಗು, ನೋವು ಹೋಯಿತೆಂದು ನೀನೇ ನಿಲ್ಲಿಸಬೇಡ. ಅಲ್ಲಿಂದ ಸೀದಾ ಮನೆಗೆ ಬಾ, ಅವರೆಕಾಳು ನೆನೆಹಾಕಿರುತ್ತೇನೆ.

ನಿನ್ನ ಚಿಕ್ಕಮ್ಮ