ಪಾಟೀಸವಾಲು ಯಾರ ಪಾಲಿಗೆ?

ತಾಲ್ಲೂಕು ಕೋರ್ಟಿನಲ್ಲಿ ಹೆಣ್ಣುಮಗಳೊಬ್ಬಳು ವಕೀಲಿ ಮಾಡುತ್ತಿದ್ದಾಳೋ, ಇಲ್ಲಾ ಯಾರೋ ವಕೀಲರ ಆಫೀಸಿನಲ್ಲಿ ಸುಮ್ಮನೆ ಇದ್ದಾಳೋ ಎಂದು ತಿಳಿಯಲು ಅವಳ ಕರಿಕೋಟು ನೋಡಿದರೆ ಸಾಲದು, ಕೈಯಲ್ಲಿರುವ ಕೇಸ್ ಕಟ್ಟುಗಳನ್ನು ನೋಡಬೇಕು. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೋರ್ಟಿನಲ್ಲಿ ಇಷ್ಟು ವರ್ಷ ಕೂದಲು ನರೆಸಿಕೊಂಡು ನಾನು ಕಲಿತದ್ದರಲ್ಲಿ ದೊಡ್ಡದು ಇದೇ. ಸನ್ನದಿನ ಜಗಳ ಎಂದೋ ಮುಗಿಯಿತು. 1916ರಲ್ಲಿ ಕಲ್ಕತ್ತದಲ್ಲಿ ರೆಜಿನಾ ಗುಹಾ, 1921ರಲ್ಲಿ ಪಟ್ನಾದಲ್ಲಿ ಸುಧಾಂಶುಬಾಲಾ ಹಜ್ರಾ ಅರ್ಜಿ ಹಾಕಿ, ಹೆಣ್ಣು ಎಂಬ ಒಂದೇ ಕಾರಣಕ್ಕೆ ಹೈಕೋರ್ಟುಗಳಿಂದ ವಾಪಸ್ಸಾದರು. 1923ರ ಕಾಯ್ದೆ ಆ ತಡೆಯನ್ನು ತೆಗೆದುಹಾಕಿತು. ಆಮೇಲೆ ಉಳಿದದ್ದು ಕೆಲಸದ ಜಗಳ. ಅದಕ್ಕೆ ಯಾವ ಕಾಯ್ದೆಯೂ ಇಲ್ಲ.

ನನ್ನ ಸೀನಿಯರ್ ಒಳ್ಳೆಯ ಮನುಷ್ಯ, ಒಂದು ದಿನವೂ ಜೋರು ಮಾತಾಡಿದವರಲ್ಲ. ಅವರ ಆಫೀಸಿನಲ್ಲಿ ನನಗೆ ಬಂದ ಕೆಲಸ ಮುದ್ದತು ಕೇಳುವುದು, ನಕಲಿಗೆ ಅರ್ಜಿ ಹಾಕುವುದು, ಜೀವನಾಂಶದ ಕೇಸುಗಳು. ನನಗಿಂತ ತಡವಾಗಿ ಸೇರಿದ ಹುಡುಗನಿಗೆ ತಡೆಯಾಜ್ಞೆ, ಪಾಲು ವಿಭಾಗದ ದಾವೆ, ಅಪೀಲು. ಕೇಳಿದರೆ, "ಸ್ಥಳ ನೋಡೋಕೆ ಹೊಲ ಗದ್ದೆ ಅಂತ ಅಲೀಬೇಕಾಗುತ್ತೆ ಕಣಮ್ಮ, ಆ ರಗಳೆ ನಿನಗ್ಯಾಕೆ?" ಎನ್ನುತ್ತಿದ್ದರು. ಹೊಲದ ಬದುವಿನ ಮೇಲೆ ನಡೆದೇ ಶಾಲೆಗೆ ಹೋದವಳು ನಾನು. ಒರಟು ಮಾತಿಗೆ ಎದುರಾಡಬಹುದು. ಇಂಥ ಅಕ್ಕರೆಗೆ ಏನು ಹೇಳುವುದು?

ಅಕ್ಕರೆಗೂ ಒಂದು ಲೆಕ್ಕವಿದೆ. ಜಮೀನಿನ ದಾವೆ ವರ್ಷಗಟ್ಟಲೆ ನಡೆಯುತ್ತದೆ, ಫೀಸು ಕಂತಿನಲ್ಲಾದರೂ ಬರುತ್ತದೆ, ಗೆದ್ದ ಕಕ್ಷಿದಾರ ಊರಿನ ಇನ್ನಿಬ್ಬರನ್ನು ಕರೆದುಕೊಂಡು ಬರುತ್ತಾನೆ. ಜೀವನಾಂಶ ಕೇಳಿ ಬಂದವಳ ಹತ್ತಿರ ವಾಪಸ್ ಹೋಗುವ ಬಸ್ ಚಾರ್ಜೂ ಇರುವುದಿಲ್ಲ. ಆ ಕೇಸುಗಳು ಕೀಳು ಎಂದು ಹೇಳುತ್ತಿಲ್ಲ, ಇವತ್ತಿಗೂ ನಡೆಸುತ್ತೇನೆ. ಅವಷ್ಟೇ ಆದರೆ ಆಫೀಸಿನ ಬಾಡಿಗೆ ಹುಟ್ಟುವುದಿಲ್ಲ, ಅಷ್ಟೆ. ನನ್ನ ಜೊತೆ ಸನ್ನದು ತೆಗೆದುಕೊಂಡ ಎಷ್ಟೋ ಹುಡುಗಿಯರು ಮದುವೆಯಾಗಿ ಬಿಟ್ಟರು ಎಂದು ಜನ ಹೇಳುತ್ತಾರೆ. ಮದುವೆ ನೆಪ. ಕೈಗೆ ಕಾಸು ಹತ್ತದೆ ಬಿಟ್ಟರು.

ಒಂದು ದಿನ ಸೀನಿಯರ್ ಹೈಕೋರ್ಟಿಗೆಂದು ಬೆಂಗಳೂರಿಗೆ ಹೋಗಿದ್ದರು. ನಮ್ಮದು ವಾದಿ ಕಡೆಯ ವಕಾಲತ್ತು, ನಿರ್ಬಂಧಕಾಜ್ಞೆ ದಾವೆ. ಸಾಕ್ಷಿಕಟ್ಟೆಯಲ್ಲಿ ಪ್ರತಿವಾದಿ. ಎಂದಿನಂತೆ ಮುದ್ದತು ಕೇಳಿದೆ. ನ್ಯಾಯಾಧೀಶರು, "ಸಾಕ್ಷಿ ಹಾಜರಿದ್ದಾರೆ, ನೀವೇ ಕೇಳಿ" ಎಂದರು. ಕಟ್ಟು ಬಿಚ್ಚಿ ಚಕ್ಕುಬಂದಿಯಿಂದಲೇ ಶುರು ಮಾಡಿದೆ. ಜಮೀನಿನ ಪೂರ್ವಕ್ಕೆ ಏನಿದೆ? "ಹಳ್ಳ." ಅವರ ಜವಾಬಿನಲ್ಲಿ ಪೂರ್ವಕ್ಕೆ ಬಂಡಿದಾರಿ ಎಂದಿತ್ತು. ಹಳ್ಳದ ಆಚೆ ದಡದ ಹೊಂಗೆಮರ ಯಾರದು? ಅಲ್ಲಿಂದ ತಡವರಿಸತೊಡಗಿದರು. ಕೊನೆಗೆ ಪಹಣಿ ತೋರಿಸಿ, ಸಾಗುವಳಿದಾರರ 12(2)ನೇ ಕಾಲಂನಲ್ಲಿ ಇರುವ ಹೆಸರು ವಾದಿಯದೇ ಅಲ್ಲವೇ, ಅದನ್ನು ತಿದ್ದಿಸಲು ನೀವು ಯಾವ ಅರ್ಜಿಯನ್ನೂ ಹಾಕಿಲ್ಲ ಅಲ್ಲವೇ ಎಂದು ಕೇಳಿದೆ. ಎರಡಕ್ಕೂ "ಹೌದು." ಭೂಕಂದಾಯ ಕಾಯ್ದೆಯ 133ನೇ ಕಲಮಿನ ಪ್ರಕಾರ ಪಹಣಿಯ ನಮೂದು ಸುಳ್ಳೆಂದು ಸಾಬೀತಾಗುವವರೆಗೆ ನಿಜವೆಂದೇ ಲೆಕ್ಕ. ನಿರ್ಬಂಧಕಾಜ್ಞೆಗೆ ಮುಖ್ಯವಾಗಿ ಬೇಕಾದದ್ದು ಸ್ವಾಧೀನ. ಅದು ಆ ಎರಡು "ಹೌದು"ಗಳಲ್ಲಿ ಸಿಕ್ಕಿತ್ತು.

ಆ ದಿನದಿಂದ ನನ್ನ ಬಾಳು ಬದಲಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಹಾಗಾಗಲಿಲ್ಲ. ಮುಂದಿನ ಜಮೀನಿನ ಕಟ್ಟೂ ಆ ಹುಡುಗನ ಮೇಜಿಗೇ ಹೋಯಿತು. ಕೆಲಸ ತೋರಿಸಿದರೆ ಕೆಲಸ ತಾನೇ ಬರುತ್ತದೆ ಎಂಬುದು ಗಂಡಸರ ವಿಷಯದಲ್ಲಿ ನಿಜವಿರಬಹುದು. ನಾನು ಬಾಯಿಬಿಟ್ಟು ಕೇಳಬೇಕಾಯಿತು: ಈ ದಾವೆಯ ಪಾಟೀಸವಾಲು ನನಗೆ ಕೊಡಿ, ವಕಾಲತ್ತಿನಲ್ಲಿ ನನ್ನ ಹೆಸರೂ ಹಾಕಿ. ಸೀನಿಯರ್ ಒಂದು ಗಳಿಗೆ ಮುಖ ನೋಡಿ, ಪೆನ್ನು ಕೊಟ್ಟರು. ಅಷ್ಟರಮಟ್ಟಿಗೆ ದೊಡ್ಡವರು.

ಸ್ವಂತ ಆಫೀಸು ಹಾಕಿದ ಮೇಲೆ ನನ್ನನ್ನು ಕೈಹಿಡಿದದ್ದು ಹೆಣ್ಣುಮಕ್ಕಳ ಆಸ್ತಿ ಹಕ್ಕು. ಪಿತ್ರಾರ್ಜಿತದಲ್ಲಿ ಮಗಳಿಗೂ ಸಮಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಬೇಲಿ ಕಿತ್ತಿತು. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದ ತೀರ್ಪು, 2005ರಲ್ಲಿ ತಂದೆ ಬದುಕಿದ್ದರೋ ಇಲ್ಲವೋ ಎಂಬ ಗೊಂದಲವನ್ನೂ ಬಗೆಹರಿಸಿತು. ಸೆರಗಿನಲ್ಲಿ ವಂಶವೃಕ್ಷ ಮುಚ್ಚಿಟ್ಟುಕೊಂಡು ಬರುವ ಅಕ್ಕತಂಗಿಯರು, ಅಣ್ಣನ ಗೆಳೆಯರು ಕಾಫಿ ಕುಡಿಯುತ್ತ ಕೂತ ಆಫೀಸಿಗೆ ಹೋಗಲು ಹಿಂಜರಿಯುತ್ತಿದ್ದರು. "ಲಾಯರಮ್ಮ ಇದಾರಾ?" ಎಂದು ಕೇಳಿಕೊಂಡು ನನ್ನ ಬಾಗಿಲಿಗೆ ಬಂದರು. ಜಮೀನಿನ ಕೇಸು ನನಗೆ ಒಗ್ಗುವುದಿಲ್ಲ ಎಂದವರೇ ಎದುರು ಕಡೆಯಿಂದ ರಾಜಿಗೆ ಬಂದರು.

ಶೌಚಾಲಯದ ಮಾತು ಎತ್ತಿದರೆ ಚಿಕ್ಕ ವಿಷಯ ಎಂದು ನಗುವವರಿದ್ದಾರೆ. ಬೇಸಿಗೆಯಲ್ಲೂ ಸಂಜೆಯವರೆಗೆ ನೀರು ಕುಡಿಯದೆ ವಾದ ಮಾಡಿ ನೋಡಲಿ. ಎಲ್ಲ ಕೋರ್ಟುಗಳಲ್ಲೂ ಪ್ರತ್ಯೇಕ ಶೌಚಾಲಯ ಇರಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಲು 2025ರ ಜನವರಿ ಬರಬೇಕಾಯಿತು. ಹೆರಿಗೆಯದು ಇನ್ನೊಂದು ಕಥೆ. ನಾವು ಯಾರ ನೌಕರರೂ ಅಲ್ಲ, ಹೆರಿಗೆ ಸೌಲಭ್ಯದ ಕಾನೂನು ನಮಗೆ ಅನ್ವಯಿಸುವುದಿಲ್ಲ. ನಾನೂ ಇಬ್ಬರು ಗೆಳತಿಯರೂ ಕಂಡುಕೊಂಡ ಉಪಾಯ ಜಂಟಿ ವಕಾಲತ್ತು. ಒಬ್ಬಳು ಬಾಣಂತಿಯಾದರೆ ಇನ್ನೊಬ್ಬಳು ಕೇಸು ನಡೆಸುತ್ತಾಳೆ, ಫೀಸು ಹಂಚಿಕೊಳ್ಳುತ್ತೇವೆ, ಕಕ್ಷಿದಾರ ಬೇರೆ ಬಾಗಿಲಿಗೆ ಹೋಗುವುದಿಲ್ಲ. ಹೊಸ ಹುಡುಗಿಯರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ.

ಬಳ್ಳಾರಿಯಲ್ಲಿ ವಕೀಲಿ ಶುರು ಮಾಡಿದ ಮಂಜುಳಾ ಚೆಲ್ಲೂರ್ ಮೂರು ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾದರು, ಬಿ.ವಿ. ನಾಗರತ್ನ 2021ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು ಎಂದು ನಾವೂ ಎದೆಯುಬ್ಬಿಸುತ್ತೇವೆ. ಆದರೆ ಸುಪ್ರೀಂ ಕೋರ್ಟಿನದೇ 2023ರ ವರದಿ ನೋಡಿ: ಜಿಲ್ಲಾ ನ್ಯಾಯಾಂಗದಲ್ಲಿ ಮಹಿಳೆಯರು ಶೇ. 36.3, ಹೈಕೋರ್ಟುಗಳಲ್ಲಿ ಶೇ. 13.4. ಕೆಳಗೆ ಬಹುಪಾಲು ಪರೀಕ್ಷೆ ಬರೆದು ಹೋಗುವುದು, ಮೇಲೆ ಹೆಸರು ಯಾರಾದರೂ ಎತ್ತಬೇಕು. ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಮೂರು ವರ್ಷ ವಕೀಲಿ ಮಾಡಿರಲೇಬೇಕು ಎಂದು 2025ರ ಮೇ ತಿಂಗಳಲ್ಲಿ ತೀರ್ಪು ಬಂತು. ಅನುಭವ ಬೇಕು, ನಿಜ. ಆ ಮೂರು ವರ್ಷವೂ ಮುದ್ದತು ಕೇಳುವುದರಲ್ಲೇ ಕಳೆದರೆ ಅದು ಯಾವ ಅನುಭವ? ಹೊಟ್ಟೆಪಾಡು ಬೇರೆ. ಜೂನಿಯರ್‌ಗಳಿಗೆ ತಿಂಗಳಿಗೆ ನಗರದಲ್ಲಿ 20,000, ಹಳ್ಳಿಗಾಡಿನಲ್ಲಿ 15,000 ರೂಪಾಯಿ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಸುತ್ತೋಲೆ ಕಳಿಸಿತು. ಕಡ್ಡಾಯ ಮಾಡಲಿಲ್ಲ.

ಕರ್ನಾಟಕದ ಜಿಲ್ಲಾ ವಕೀಲರ ಸಂಘಗಳಲ್ಲಿ ಖಜಾಂಚಿ ಹುದ್ದೆಯೂ ಸೇರಿ ಶೇ. 30ರಷ್ಟು ಸ್ಥಾನ ಮಹಿಳೆಯರಿಗೆ ಎಂದು 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದಾಗ, ಮೀಸಲಾತಿಯ ಖಜಾಂಚಿ ಎಂದು ಮೂಗುಮುರಿದವರನ್ನು ಕಂಡಿದ್ದೇನೆ. ದುಡ್ಡಿನ ಪುಸ್ತಕ ಇಟ್ಟುಕೊಂಡವರ ಮಾತಿಗೆ ಎಷ್ಟು ತೂಕವಿದೆ ಎಂದು ನೀರಿಲ್ಲದ ನಲ್ಲಿ ತಿರುಗಿಸಿದವರಿಗೇ ಗೊತ್ತು.

ಹಿರಿಯ ವಕೀಲರಲ್ಲಿ ನನ್ನದು ಒಂದೇ ಕೋರಿಕೆ. ನಿಮ್ಮ ಆಫೀಸಿನ ಹುಡುಗಿಗೆ ಈ ತಿಂಗಳು ಒಂದು ಜಮೀನಿನ ದಾವೆಯ ಪಾಟೀಸವಾಲು ಕೊಡಿ, ವಕಾಲತ್ತಿನಲ್ಲಿ ಅವಳ ಹೆಸರು ಹಾಕಿ. ಓದುಗರಲ್ಲೂ ಒಂದಿದೆ: ಮನೆಯಲ್ಲಿ ಗಂಡಹೆಂಡಿರ ವ್ಯಾಜ್ಯವಾದಾಗ ನಮ್ಮನ್ನು ಹುಡುಕಿಕೊಂಡು ಬರುವ ಹಾಗೆಯೇ ಗಡಿ ಒತ್ತುವರಿಯಾದಾಗಲೂ ಬನ್ನಿ. ಫೀಸು ಮಾತ್ರ ಗಂಡಸರಿಗೆ ಕೊಡುವಷ್ಟೇ ಕೊಡಬೇಕು, ಚೌಕಾಸಿ ಬೇಡ.